ಹುಳಿ ಬಿಯರ್‌ಗೆ ಹೆಪ್ಪು ಹಾಕೋದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಗೋಧಿ ಬಿಯರ್ ಬಗ್ಗೆ ಬರೀತಾ ಕೊನೇಲಿ ಒಂದೇ ಒಂದು ಸಾಲು ಕೆಟಲ್ ಸೌರ್ ವಿಷಯ ಹೇಳಿದ್ದೆ, ಅಷ್ಟಕ್ಕೇ ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಗೊತ್ತಿಲ್ದೇ ಇರೋರಿಗೆ ಎರಡು ಮಾತಲ್ಲಿ ಹೇಳ್ಬಿಡ್ತೀನಿ. ಮಾಲ್ಟ್ ನೀರಿಗೆ, ಅಂದ್ರೆ ವರ್ಟ್‌ಗೆ, ಯೀಸ್ಟ್ ಹಾಕೋಕೆ ಮುಂಚೆ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಬಿಟ್ಟು, ಕುದಿಸೋ ಪಾತ್ರೇಲೇ ಒಂದೆರಡು ದಿನ ಬೆಚ್ಚಗಿಟ್ಟು ಹುಳಿ ಬರಿಸಿ, ಆಮೇಲೆ ಮತ್ತೆ ಕುದಿಸಿ ಆ ಬ್ಯಾಕ್ಟೀರಿಯಾನ ಸಾಯಿಸಿ, ಆರಿಸಿ ಯೀಸ್ಟ್ ಹಾಕೋದು. ಮೊಸರಿಗೆ ಹೆಪ್ಪು ಹಾಕಿ ಗೊತ್ತಿರೋರಿಗೆ ಇದರ ಅರ್ಧ ಕೆಲಸ ಆಗಲೇ ಗೊತ್ತು. ಮನೇಲಿ ಬಿಯರ್ ಮಾಡೋಕೆ ನಿಮ್ಮ ಕಡೆ ಕಾನೂನು ಒಪ್ಪತ್ತಾ ಅನ್ನೋದನ್ನ ಮಾತ್ರ ಮೊದಲೇ ನೋಡ್ಕೊಂಡಿರಿ.

ಪ್ರಶ್ನೆ: ನಾನು ಇಲ್ಲಿವರೆಗೂ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್‌ನಲ್ಲೇ ನಾಲ್ಕು ಬ್ಯಾಚ್ ಮಾಡಿದೀನಿ. ಹುಳಿ ಬಿಯರ್‌ಗೆ ಧಾನ್ಯದಿಂದಾನೇ ಶುರು ಮಾಡ್ಬೇಕು, ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಆಗಲ್ಲ ಅಂತ ಸ್ನೇಹಿತರು ಹೇಳ್ತಾರೆ. ನಿಜಾನಾ? ಆಗತ್ತೆ ಅಂದ್ರೆ ಶುರುವಿಂದ ಒಂದ್ಸಲ ಹೇಳಿ ಪ್ಲೀಸ್.

ಉತ್ತರ: ಧಾರಾಳವಾಗಿ ಆಗತ್ತೆ. ನನ್ನ ಕೇಳಿದ್ರೆ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಮಾಡೋರಿಗೆ ಇಷ್ಟು ಚೆನ್ನಾಗಿ ಒಗ್ಗೋ ಬಿಯರ್ ಇನ್ನೊಂದಿಲ್ಲ. ಎಕ್ಸ್‌ಟ್ರ್ಯಾಕ್ಟ್ ಅಂದ್ರೆ ಏನು ಹೇಳಿ, ಯಾರೋ ಆಗಲೇ ಮಾಲ್ಟ್ ಪುಡಿ ಮಾಡಿ ಬಿಸಿನೀರಲ್ಲಿ ಮ್ಯಾಶ್ ಮಾಡಿ ಸಕ್ಕರೆ ಇಳಿಸ್ಕೊಂಡು ನೀರು ಇಂಗಿಸಿ ಕೊಟ್ಟಿರೋದು. ಕೆಟಲ್ ಸೌರ್ ಹೆಂಗೂ ಎರಡು ಮೂರು ದಿನ ಹಿಡಿಯೋ ಕೆಲಸ, ಮೊದಲ ದಿನಾನೇ ಮ್ಯಾಶು, ಸೋಸೋದು ಅಂತ ನಾಲ್ಕೈದು ಗಂಟೆ ನಿಂತು ಸುಸ್ತಾಗೋ ಬದಲು ಆ ಗಮನ ಪೂರ್ತಿ ಹುಳಿ ಕಡೆ ಕೊಡಬಹುದು. ಇನ್ನೊಂದು, ಧಾನ್ಯದ ಸಿಪ್ಪೆ ಮೇಲೆ ಕಾಡು ಬ್ಯಾಕ್ಟೀರಿಯಾ ತುಂಬಿ ತುಳುಕ್ತಿರತ್ತೆ, ಎಕ್ಸ್‌ಟ್ರ್ಯಾಕ್ಟ್ ಡಬ್ಬೀಲಿ ಆ ಕಾಟ ಇಲ್ಲ.

20 ಲೀಟರ್ ಲೆಕ್ಕದಲ್ಲಿ ಹೇಳ್ತೀನಿ. ಗೋಧಿ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಪುಡಿ 2 ಕೆಜಿ ಹಾಕಿದ್ರೆ ಗ್ರಾವಿಟಿ (ಸಕ್ಕರೆ ಸೇರಿ ವರ್ಟ್ ನೀರಿಗಿಂತ ಎಷ್ಟು ಸಾಂದ್ರ ಅನ್ನೋ ಅಳತೆ) 1.036 ಆಸುಪಾಸು ಬರತ್ತೆ, ಜೇನುತುಪ್ಪದ ಥರ ಮಂದ ಇರೋ ದ್ರವ ಎಕ್ಸ್‌ಟ್ರ್ಯಾಕ್ಟ್ ಆದ್ರೆ 2.4 ಕೆಜಿ ಬೇಕು. ಗೋಧಿ ಎಕ್ಸ್‌ಟ್ರ್ಯಾಕ್ಟ್ ಅಂತ ಬರೆದಿದ್ರೂ ಅದರಲ್ಲಿ ಬಾರ್ಲಿನೂ ಸೇರಿರತ್ತೆ, ಅದೇನೂ ತೊಂದರೆ ಇಲ್ಲ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲ್ ಆಗಿರ್ಲಿ, ಅಲ್ಯೂಮಿನಿಯಂ ಬೇಡ, ಎರಡು ದಿನ ಹುಳಿ ನಿಲ್ಲೋ ಜಾಗ ಅದು. ನೀರು ಬಿಸಿ ಆದ್ಮೇಲೆ ಉರಿ ಪೂರ್ತಿ ಆರಿಸಿ, ಆಮೇಲೇನೇ ಎಕ್ಸ್‌ಟ್ರ್ಯಾಕ್ಟ್ ಹಾಕಿ. ಉರಿ ಮೇಲಿದ್ದಾಗ ಹಾಕಿದ್ರೆ ದ್ರವದ್ದು ಸೀದಾ ಕೆಳಗಿಳಿದು ತಳ ಹಿಡಿಯತ್ತೆ, ಆ ಸೀದ ವಾಸನೆ ಇಂಥ ತಿಳಿ ಬಿಯರ್‌ನಲ್ಲಿ ಎಲ್ಲೂ ಅಡಗಲ್ಲ. ಪುಡಿ ಆದ್ರೆ ಹಬೆ ತಾಗಿದ ಕ್ಷಣಕ್ಕೆ ಚಮಚಕ್ಕೆ ಅಂಟ್ಕೊಂಡು ಗಂಟು ಕಟ್ಟತ್ತೆ, ಅದಕ್ಕೆ ಒಣಗಿದ ಪಾತ್ರೇಲಿ ಮೊದಲೇ ಅಳೆದಿಟ್ಕೊಂಡು ಒಂದೇ ಸಲಕ್ಕೆ ಸುರಿದು ತಿರುವಿಬಿಡಿ.

ಕರಗಿದ ಮೇಲೆ 10-15 ನಿಮಿಷ ಕುದಿಸಿ. ಉಕ್ಕತ್ತೆ, ಪಕ್ಕದಲ್ಲೇ ನಿಂತಿರಿ. ಹಾಪ್ಸ್, ಅಂದ್ರೆ ಬಿಯರ್‌ಗೆ ಕಹಿ ಕೊಡೋ ಹೂವು, ಈಗ ಹಾಕ್ಬೇಡಿ, ಯಾಕೆ ಅಂತ ಮುಂದಿನ ಪ್ರಶ್ನೇಲಿ ಹೇಳ್ತೀನಿ. ಆಮೇಲೆ 35-37 ಡಿಗ್ರಿಗೆ ಆರಿಸಿ, ಅಂದ್ರೆ ಕೈಗೆ ಉಗುರುಬೆಚ್ಚಗೆ ಅನ್ನಿಸೋ ಹದ.

ಈಗ ಬರೋ ಹೆಜ್ಜೇನ ತುಂಬ ಜನ ಬಿಟ್ಬಿಡ್ತಾರೆ, ನಾನು ಎಷ್ಟು ಸಲ ಬೇಕಾದ್ರೂ ಹೇಳ್ತೀನಿ, ಹೆಪ್ಪು ಹಾಕೋಕೆ ಮುಂಚೆ ನೀವೇ ಸ್ವಲ್ಪ ಹುಳಿ ಮಾಡಿ ಕೊಡಬೇಕು. ವರ್ಟ್‌ನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 5.2 ರಿಂದ 5.6 ಇರತ್ತೆ. ಆಹಾರಕ್ಕೆ ಬಳಸೋ 88 ಪರ್ಸೆಂಟ್ ಲ್ಯಾಕ್ಟಿಕ್ ಆಸಿಡ್ ತಗೊಂಡು ಎರಡೆರಡು ಎಂಎಲ್ ಹಾಕ್ತಾ, ಚೆನ್ನಾಗಿ ಕಲಸ್ತಾ, ಪ್ರತಿ ಸಲ ಮೀಟರ್ ನೋಡ್ತಾ 4.4ಕ್ಕೆ ತನ್ನಿ. ಇಷ್ಟು ಎಂಎಲ್ ಅಂತ ಲೆಕ್ಕ ಹೇಳಿ ಅಂತ ಕೇಳ್ತೀರ, ಹೇಳಲ್ಲ, ನಿಮ್ಮ ನೀರು ನಿಮ್ಮ ಎಕ್ಸ್‌ಟ್ರ್ಯಾಕ್ಟ್ ಮೇಲೆ ಅದು ಬದಲಾಗತ್ತೆ, ಮೀಟರ್ ಹೇಳೋದೇ ಸರಿ. ಹೀಗೆ ಇಳಿಸಿದ್ರೆ ಎರಡು ಲಾಭ. ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಆ ಹುಳೀಲಿ ತಲೆ ಎತ್ತೋಕೆ ಆಗಲ್ಲ, ಲ್ಯಾಕ್ಟೋಗೆ ಮಾತ್ರ ಆರಾಮಾಗಿರತ್ತೆ. ಜೊತೆಗೆ ನೊರೆ ಕಟ್ಟೋ ಪ್ರೋಟೀನ್‌ಗಳು ಅಷ್ಟಾಗಿ ಒಡೆಯಲ್ಲ, ಕೊನೇಲಿ ಗ್ಲಾಸ್ ಮೇಲೆ ನೊರೆ ನಿಲ್ಲತ್ತೆ.

ಆಮೇಲೆ ಹೆಪ್ಪು ಹಾಕಿ, ಮೇಲ್ಮೈಗೆ ತಾಗೋ ಹಾಗೆ ಸ್ಯಾನಿಟೈಸ್ ಮಾಡಿದ ಪ್ಲಾಸ್ಟಿಕ್ ಹಾಳೆ ಹಾಸಿ, ಮುಚ್ಚಳ ಮುಚ್ಚಿ ಬೆಚ್ಚಗಿಡಿ. 24 ರಿಂದ 48 ಗಂಟೇಲಿ ಪಿಎಚ್ 3.3 - 3.5ಕ್ಕೆ ಬರತ್ತೆ, ಹೆಪ್ಪು ಸೋಮಾರಿ ಆಗಿದ್ರೆ 72 ಗಂಟೆ. ಬಂದ್ಮೇಲೆ ಮತ್ತೆ 15 ನಿಮಿಷ ಕುದಿಸಿ, ಕುದಿ ಶುರುವಾದಾಗ 4 ಪರ್ಸೆಂಟ್ ಆಲ್ಫಾ (ಕಹಿ ಕೊಡೋ ಆಸಿಡ್) ಇರೋ ಹಾಪ್ಸ್ 15 ಗ್ರಾಂ ಹಾಕಿದ್ರೆ ಸಾಕು, ಕಹಿ ಅಳೆಯೋ ಐಬಿಯು ಲೆಕ್ಕದಲ್ಲಿ 4ರ ಆಸುಪಾಸು ನಿಲ್ಲತ್ತೆ. ಹುಳಿ ಮೇಲೆ ಕಹಿ ಜಾಸ್ತಿ ಆದ್ರೆ ನಾಲಿಗೆಗೆ ಹಿತ ಅನ್ಸಲ್ಲ. 18-20 ಡಿಗ್ರಿಗೆ ಆರಿಸಿ ಯೀಸ್ಟ್ ಹಾಕಿ, ಅಲ್ಲಿಂದ ಮುಂದೆ ನಿಮಗೆ ಗೊತ್ತಿರೋ ಕೆಲಸಾನೇ. ಕೊನೆಗೆ ಆಲ್ಕೋಹಾಲ್ ಮೂರೂವರೆ ಪರ್ಸೆಂಟ್ ಆಸುಪಾಸು ಇರೋ, ತಿಳಿಯಾದ ಹುಳಿ ಬಿಯರ್ ಕೈಗೆ ಬರತ್ತೆ.

ಪ್ರಶ್ನೆ: ಮೂರು ದಿನ ಆಯ್ತು, ಹುಳೀನೇ ಬರ್ಲಿಲ್ಲ. ಎರಡನೇ ಪ್ಯಾಕೆಟ್ ಲ್ಯಾಕ್ಟೋನೂ ಹಾಕ್ದೆ, ಪಿಎಚ್ 4.3ರಲ್ಲೇ ನಿಂತಿದೆ. ನಾನು ಬಳಸಿದ್ದು ಬಿಯರ್ ಕಿಟ್ ಡಬ್ಬಿಯ ಎಕ್ಸ್‌ಟ್ರ್ಯಾಕ್ಟ್. ಬ್ಯಾಕ್ಟೀರಿಯಾ ಸತ್ತಿತ್ತಾ?

ಉತ್ತರ: ಡಬ್ಬಿ ಮೇಲಿನ ಸಣ್ಣಕ್ಷರ ಒಂದ್ಸಲ ಓದಿ ನೋಡಿ. ಕಿಟ್ ಡಬ್ಬಿಗಳಲ್ಲಿ ಬಹುಪಾಲು ಹಾಪ್ಸ್ ಮೊದಲೇ ಸೇರಿಸಿರ್ತಾರೆ, ನೀರು ಬೆರೆಸಿ ಯೀಸ್ಟ್ ಹಾಕಿದ್ರೆ ಬಿಯರ್ ಆಗ್ಲಿ ಅಂತ. ಹಾಪ್ಸ್‌ನ ಕಹಿ ಇದೆಯಲ್ಲ, ಅದು ಲ್ಯಾಕ್ಟೋಬ್ಯಾಸಿಲಸ್‌ಗೆ ವಿಷ ಇದ್ದ ಹಾಗೆ, ಅದರ ಹೊರಪೊರೆ ತೂರಿ ಒಳಗಿನ ಸಮತೋಲನಾನೇ ಕೆಡಿಸತ್ತೆ. ಬಿಯರ್‌ಗೆ ಹಾಪ್ಸ್ ಹಾಕಿದ್ರೆ ಬೇಗ ಹುಳಿಯಾಗಲ್ಲ ಅನ್ನೋ ಹಳೇ ಅನುಭವದ ಹಿಂದಿನ ಕಾರಣ ಇದೇನೇ. ನಿಮ್ಮ ಹೆಪ್ಪು ಚೆನ್ನಾಗೇ ಇತ್ತು, ಬೆಳೆಯೋಕೆ ಜಾಗ ಸಿಗ್ಲಿಲ್ಲ ಅಷ್ಟೇ.

ಕೆಟಲ್ ಸೌರ್‌ಗೆ ಹಾಪ್ಸ್ ಇಲ್ಲದ ಸಾದಾ ಎಕ್ಸ್‌ಟ್ರ್ಯಾಕ್ಟೇ ಬೇಕು, ತಿಳಿ ಬಣ್ಣದ್ದು, ಹೊಸದು. ಹಳೇ ದ್ರವ ಎಕ್ಸ್‌ಟ್ರ್ಯಾಕ್ಟ್ ಕಪ್ಪಾಗ್ತಾ ಹೋಗತ್ತೆ, ರುಚೀನೂ ಮಂಕಾಗತ್ತೆ. ಈಗ ಪಾತ್ರೇಲಿ ಇರೋದನ್ನ ವಾಸನೆ ನೋಡಿ, ಒಳ್ಳೆ ಮಾಲ್ಟ್ ವಾಸನೇನೇ ಇದ್ರೆ ಕುದಿಸಿ ಯೀಸ್ಟ್ ಹಾಕಿ ಸ್ವಲ್ಪ ಹುಳಿಮಿಶ್ರ ಬಿಯರ್ ಅಂತ ಕುಡೀಬಹುದು. ವಾಸನೇಲಿ ಏನಾದ್ರೂ ಅನುಮಾನ ಬಂದ್ರೆ ಚೆಲ್ಲಿ.

ಪ್ರಶ್ನೆ: ಲ್ಯಾಕ್ಟೋಬ್ಯಾಸಿಲಸ್ ಅಂದ್ರೆ ಮೊಸರಿನ ಬ್ಯಾಕ್ಟೀರಿಯಾನೇ ಅಲ್ವಾ? ಒಂದು ಚಮಚ ಮೊಸರು ಹಾಕಿದ್ರೆ ಸಾಕಲ್ವಾ, ದುಡ್ಡು ಕೊಟ್ಟು ಕಲ್ಚರ್ ಯಾಕೆ ತಗೋಬೇಕು?

ಉತ್ತರ: ಈ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು, ಎಲ್ಲರ ತಲೇಲೂ ಬರೋದು ಇದೇ. ಹುಳಿ ಒಂದೇ ಹೌದು. 1780ರಲ್ಲಿ ಶೀಲೆ ಅನ್ನೋ ರಸಾಯನ ವಿಜ್ಞಾನಿ ಹುಳಿ ಹಾಲಿನಿಂದ ಬೇರ್ಪಡಿಸಿದ ಲ್ಯಾಕ್ಟಿಕ್ ಆಸಿಡ್ಡೇ ನಿಮ್ಮ ಬಿಯರಲ್ಲೂ ಬರೋದು. ಆದ್ರೆ ಹುಳಿ ಮಾಡೋರು ಬೇರೆ ಬೇರೆ. ಮೊಸರಲ್ಲಿ ಮುಖ್ಯವಾಗಿ ಇರೋದು ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಮತ್ತೆ ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್, ಇವೆರಡೂ ಹಾಲಿನ ಸಕ್ಕರೆಗೆ ಅಂದ್ರೆ ಲ್ಯಾಕ್ಟೋಸ್‌ಗೆ ಒಗ್ಗಿಕೊಂಡಿರೋವು. ವರ್ಟ್‌ನಲ್ಲಿ ಲ್ಯಾಕ್ಟೋಸ್ ಇಲ್ಲ, ಇರೋದು ಹೆಚ್ಚಿನಂಶ ಮಾಲ್ಟೋಸ್, ಅದನ್ನ ತಿಂದು ಜೀರ್ಣ ಮಾಡ್ಕೊಳ್ಳೋ ತಾಕತ್ತು ಬಲ್ಗಾರಿಕಸ್‌ಗೆ ಸಾಮಾನ್ಯವಾಗಿ ಇರಲ್ಲ. ಮೊಸರು ಹಾಕಿ ಚೆನ್ನಾಗಿ ಬಂತು ಅಂತ ಹೇಳೋರೂ ಇದಾರೆ, ಅವರ ಮೊಸರಲ್ಲಿ ಬೇರೆ ಲ್ಯಾಕ್ಟೋ ಜಾತಿಗಳೂ ಸೇರಿದ್ದಿರಬಹುದು, ಆದ್ರೆ ನಿಮ್ಮ ಮೊಸರಲ್ಲಿ ಏನಿದೆ ಅಂತ ನೋಡಿ ಹೇಳೋಕೆ ಆಗಲ್ಲವಲ್ಲ. ಮೊಸರಿನ ಜಿಡ್ಡು, ಹಾಲಿನ ಪ್ರೋಟೀನ್ನೂ ಜೊತೇಲಿ ಬರತ್ತೆ. ನಾನಂತೂ ಬೇಡ ಅಂತೀನಿ.

ಸುಲಭದ ದಾರಿ ಪ್ಲಾಂಟಾರಮ್ ಅನ್ನೋ ಲ್ಯಾಕ್ಟೋ ಜಾತಿ. ಪ್ರೋಬಯಾಟಿಕ್ ಕ್ಯಾಪ್ಸೂಲ್ ರೂಪದಲ್ಲೇ ಸಿಗತ್ತೆ, ಒಳಗೆ ಅದೊಂದೇ ಜಾತಿ ಇರೋದನ್ನ ನೋಡಿ ತಗೊಳ್ಳಿ. 2020ರಲ್ಲಿ ವಿಜ್ಞಾನಿಗಳು ಲ್ಯಾಕ್ಟೋಬ್ಯಾಸಿಲಸ್ ಕುಲಾನೇ ಒಡೆದು ಹೊಸ ಹೆಸರು ಇಟ್ಟಿದಾರೆ, ಹಾಗಾಗಿ ಕೆಲವು ಲೇಬಲ್ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಅಂತ, ಕೆಲವದ್ರ ಮೇಲೆ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಅಂತ ಇರತ್ತೆ, ಎರಡೂ ಒಂದೇ. 20 ಲೀಟರ್‌ಗೆ ಸೀದಾ ಕ್ಯಾಪ್ಸೂಲ್ ಒಡೆದು ಹಾಕೋದಕ್ಕಿಂತ ಹಿಂದಿನ ದಿನ ಸ್ಟಾರ್ಟರ್ ಮಾಡ್ಕೊಳ್ಳಿ: ಒಂದು ಲೀಟರ್ ನೀರಿಗೆ 100 ಗ್ರಾಂ ಎಕ್ಸ್‌ಟ್ರ್ಯಾಕ್ಟ್ ಪುಡಿ, 10 ನಿಮಿಷ ಕುದಿಸಿ 35 ಡಿಗ್ರಿಗೆ ಆರಿಸಿ, ಇದಕ್ಕೂ ಲ್ಯಾಕ್ಟಿಕ್ ಆಸಿಡ್ ಹಾಕಿ 4.5ಕ್ಕೆ ಇಳಿಸಿ, ನಾಲ್ಕೈದು ಕ್ಯಾಪ್ಸೂಲ್‌ನ ಪುಡಿ ಉದುರಿಸಿ, ಗಾಳಿ ಸೇರದ ಹಾಗೆ ಮುಚ್ಚಿ 24 ಗಂಟೆ ಬೆಚ್ಚಗಿಡಿ. ಮಾರನೇ ದಿನ ನೋಡಿದ್ರೆ ಮೊದಲಿಗಿಂತ ಮಬ್ಬಾಗಿರತ್ತೆ, ತಳದಲ್ಲಿ ತೆಳ್ಳಗೆ ಬೆಳ್ಳಗೆ ಗಸಿ ಕೂತಿರತ್ತೆ, ಮುಚ್ಚಳ ತೆಗೆದ್ರೆ ಮಜ್ಜಿಗೆ ಥರದ ಘಮ. ಪಿಎಚ್ 3.5ರ ಹತ್ರ ಬಂದಿದ್ರೆ ಹೆಪ್ಪು ಗಟ್ಟಿಯಾಗಿದೆ ಅಂತ ಲೆಕ್ಕ, ಗಸಿ ಸಮೇತ ಸುರೀರಿ. ಏನೂ ಬದಲಾಗಿಲ್ಲ ಅಂದ್ರೆ ಒಂದು ಲೀಟರ್ ಹೋಯ್ತು ಅಷ್ಟೇ, 20 ಲೀಟರ್ ಉಳೀತು.

ಪ್ರಶ್ನೆ: ಎರಡನೇ ದಿನ ಮುಚ್ಚಳ ತೆಗೆದ್ರೆ ಸಹಿಸೋಕಾಗದ ವಾಂತಿ ವಾಸನೆ. ಕುದಿಸಿದ್ರೆ ಹೋಗತ್ತೆ, ಯೀಸ್ಟ್ ಸರಿ ಮಾಡತ್ತೆ ಅಂತ ಕೆಲವರು ಅಂತಾರೆ. ಕಷ್ಟಪಟ್ಟು ಮಾಡಿದ್ದು, ಚೆಲ್ಲೋಕೆ ಮನಸ್ಸು ಬರ್ತಿಲ್ಲ.

ಉತ್ತರ: ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ, ನನ್ನ ಎರಡನೇ ಬ್ಯಾಚ್ ಹಿಂಗೇ ಆಗಿತ್ತು. ಮೊದಲನೇದು ಚೆನ್ನಾಗಿ ಬಂದಿತ್ತು ಅನ್ನೋ ಧೈರ್ಯದಲ್ಲಿ ಆಸಿಡ್ ಹಾಕೋ ಹೆಜ್ಜೆ ಬಿಟ್ಟಿದ್ದೆ, ಹೆಪ್ಪೂ ಹಳೇದಾಗಿತ್ತು. ಮಾರನೇ ದಿನ ಸಂಜೆ ಮುಚ್ಚಳ ಒಂದು ಬೆರಳಷ್ಟು ಎತ್ತಿದ್ದಷ್ಟೇ, ಕಮಟು ಹಿಡಿದ ಬೆಣ್ಣೆ, ಮಗು ಕಕ್ಕಿದ ಹಾಲು, ಎರಡೂ ಸೇರಿದ ವಾಸನೆ ಅಡುಗೆಮನೆ ದಾಟಿ ಹೊರಗಿನ ಕೋಣೆವರೆಗೆ ಹೋಯ್ತು. ಪಿಎಚ್ ನೋಡಿದ್ರೆ 4.9, ಅಂದ್ರೆ ಒಂದು ದಿನ ಪೂರ್ತಿ ಬೆಚ್ಚಗಿನ ಸಿಹಿನೀರು ಕಾವಲಿಲ್ಲದೇ ಬಿದ್ದಿತ್ತು. ನಾನೂ ನಿಮ್ಮ ಹಾಗೇ ಆಸೆ ಬಿಡದೇ ಕುದಿಸಿ ಯೀಸ್ಟ್ ಹಾಕಿ ಮೂರು ವಾರ ಕಾದೆ, ಗ್ಲಾಸಿಗೆ ಬಗ್ಗಿಸಿದಾಗ ಅದೇ ವಾಸನೆ ಅಲ್ಲೇ ಕೂತಿತ್ತು. ಎಲ್ಲ ಚೆಲ್ಲಿದೆ.

ಅದು ಬ್ಯುಟಿರಿಕ್ ಆಸಿಡ್. ಬೆಣ್ಣೆ ಕೆಟ್ಟಾಗ ಬರೋದೂ ಇದೇ ಆಸಿಡ್ಡು. ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ಇದನ್ನ ಮಾಡ್ತವೆ, ಅವುಗಳ ಬೀಜಕಣ ಸಾಧಾರಣ ಕುದಿಗೆ ಸಾಯಲ್ಲ, ಅವಕ್ಕೆ ಗಾಳೀನೂ ಬೇಡ. ಇಲ್ಲೇ ಒಂದು ತಪ್ಪು ತಿಳುವಳಿಕೆ ಇದೆ, ಇಂಗಾಲದ ಡೈಆಕ್ಸೈಡ್ ತುಂಬಿಸಿ ಗಾಳಿ ಓಡಿಸಿಬಿಟ್ರೆ ಎಲ್ಲ ಸೇಫ್ ಅಂತ. ಗಾಳಿ ತಡೆದ್ರೆ ಬೂಷ್ಟು, ಕಾಡು ಯೀಸ್ಟು, ವಿನೆಗರ್ ಮಾಡೋ ಬ್ಯಾಕ್ಟೀರಿಯಾ ಇವಕ್ಕೆ ಅಡ್ಡಿ ಆಗತ್ತೆ, ಅದು ಬೇಕೇ ಬೇಕು, ಆದ್ರೆ ಗಾಳಿ ಇಲ್ದೇ ಬದುಕೋ ಕ್ಲಾಸ್ಟ್ರಿಡಿಯಂಗೆ ಅದರಿಂದ ಏನೂ ಆಗಲ್ಲ. ಅದನ್ನ ತಡೆಯೋದು ಹುಳಿ. ಆಹಾರ ಸುರಕ್ಷತೇಲಿ ಪಿಎಚ್ 4.6 ಅನ್ನೋ ಗೆರೆ ಹಾಕಿರೋದು ಸುಮ್ಮನೆ ಅಲ್ಲ, ಬಾಟ್ಯುಲಿಸಂ ಅನ್ನೋ ಮಾರಕ ವಿಷ ಮಾಡೋ ಬ್ಯಾಕ್ಟೀರಿಯಾನೂ ಕ್ಲಾಸ್ಟ್ರಿಡಿಯಂ ಬಳಗದ್ದೇ, ಅದು ಆ ಗೆರೆ ಕೆಳಗೆ ಬೆಳೆಯಲ್ಲ. ನಾನು ಮೊದಲೇ 4.4ಕ್ಕೆ ಇಳಿಸಿ ಅಂತ ಇಷ್ಟು ಒತ್ತಿ ಹೇಳ್ತಿರೋದು ಇದಕ್ಕೇ.

ಹಾಗಾಗಿ ನಿಮ್ಮದನ್ನ ದಯವಿಟ್ಟು ಚೆಲ್ಲಿಬಿಡಿ, ರುಚಿ ನೋಡೋಕೂ ಹೋಗ್ಬೇಡಿ. ಹಳೇ ಸಾಕ್ಸ್, ಕೆಟ್ಟ ಚೀಸ್ ವಾಸನೆ ಬಂದ್ರೂ ಅಷ್ಟೇ, ಅದು ಐಸೊವ್ಯಾಲೆರಿಕ್ ಆಸಿಡ್. ಬಣ್ಣಬಣ್ಣದ ಬೂಷ್ಟು ಬಂದಿದ್ರೂ ಅಷ್ಟೇ. ಸರಿಯಾಗಿ ಹುಳಿ ಆಗ್ತಿರೋ ವರ್ಟ್‌ನ ವಾಸನೆ ಗಾಬರಿ ಹುಟ್ಟಿಸಲ್ಲ, ಮಜ್ಜಿಗೆ, ನೆನೆದ ಗೋಧಿ, ನಿಂಬೆ, ಇಷ್ಟರಲ್ಲೇ ಇರತ್ತೆ.

ಪ್ರಶ್ನೆ: ಪಿಎಚ್ ಮೀಟರ್ ಬೇಕೇ ಬೇಕಾ? ಪಟ್ಟಿ ಇದೆ ನನ್ನ ಹತ್ರ. ಇಲ್ಲಾಂದ್ರೆ ರುಚಿ ನೋಡಿ ಹೇಳಬಹುದಲ್ವಾ?

ಉತ್ತರ: ಬೇಕು. ಬೇರೆ ಬಿಯರ್‌ಗಳಿಗೆ ನಾನು ಇಷ್ಟು ಹಟ ಮಾಡಲ್ಲ. ಪಟ್ಟಿಯ ಬಣ್ಣ ವರ್ಟ್‌ನ ಬಣ್ಣದ ಜೊತೆ ಸೇರಿ 3.3 ಯಾವುದು 3.7 ಯಾವುದು ಅಂತ ಗೊತ್ತೇ ಆಗಲ್ಲ, ಆದ್ರೆ ಬಾಯಿಗೆ ಅವೆರಡಕ್ಕೂ ಅಜಗಜಾಂತರ. ಪಿಎಚ್ ಅನ್ನೋದು ಸಾದಾ ಸ್ಕೇಲ್ ಅಲ್ಲ, 0.3 ಇಳಿದ್ರೆ ಹೈಡ್ರೋಜನ್ ಅಯಾನುಗಳು ಹೆಚ್ಚು ಕಮ್ಮಿ ಎರಡರಷ್ಟಾಗ್ತವೆ. ಅಂದಹಾಗೆ ಈ ಪಿಎಚ್ ಲೆಕ್ಕ ಹುಟ್ಟಿದ್ದೇ ಒಂದು ಬಿಯರ್ ಕಂಪನಿಯ ಲ್ಯಾಬ್‌ನಲ್ಲಿ, 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೊರೆನ್ಸನ್ ಅನ್ನೋರು ಮಾಡಿದ್ದು, ಮೀಟರ್ ಕೈಗೆ ತಗೊಂಡಾಗೆಲ್ಲ ನನಗೆ ಇದು ನೆನಪಾಗಿ ಖುಷಿ ಆಗತ್ತೆ.

ಮೀಟರ್ ತಗೊಂಡ್ರೆ ಸಾಲದು, ಪ್ರತಿ ಸಲ ಬಳಸೋಕೆ ಮುಂಚೆ 7.00 ಮತ್ತೆ 4.01 ಬಫರ್ ದ್ರಾವಣದಲ್ಲಿ ಅದ್ದಿ ಸರಿ ಮಾಡ್ಕೊಳ್ಳಿ. ಸ್ಯಾಂಪಲ್ 20-25 ಡಿಗ್ರಿಗೆ ಆರಿದ ಮೇಲೆ ಅಳೀರಿ. ತುದಿ ಒಣಗೋಕೆ ಬಿಡಬೇಡಿ, ಅದರದೇ ಸ್ಟೋರೇಜ್ ದ್ರಾವಣದಲ್ಲಿಡಿ, ಡಿಸ್ಟಿಲ್ಡ್ ನೀರಲ್ಲಿ ಇಡಬೇಡಿ, ಹಾಳಾಗತ್ತೆ.

ರುಚಿ ನೋಡೋದೂ ಬೇಕು, ಆದ್ರೆ ಪಿಎಚ್ 4ಕ್ಕಿಂತ ಕೆಳಗೆ ಬಂದು ವಾಸನೆ ಚೆನ್ನಾಗಿದೆ ಅಂತ ಖಾತ್ರಿ ಆದ್ಮೇಲೆ ಮಾತ್ರ. ಆಗ ನಾಲಿಗೆಗೆ ಸಕ್ಕರೆ ಜಾಸ್ತಿ ಹಾಕಿದ ನಿಂಬೆ ಶರಬತ್ತಿನ ಹಾಗೆ ಇರತ್ತೆ, ಅಯ್ಯೋ ಹುಳಿ ಸಾಲದು ಇನ್ನೊಂದು ದಿನ ಬಿಡೋಣ ಅನ್ಸತ್ತೆ. ಬಿಡಬೇಡಿ. ಆ ಸಿಹೀನ ಯೀಸ್ಟ್ ತಿಂದು ಮುಗಿಸಿದ ಮೇಲೆ ಹುಳಿ ಮುಚ್ಚಿಕೊಳ್ಳೋಕೆ ಏನೂ ಇರಲ್ಲ, ಈಗ ಮೆತ್ತಗೆ ಅನ್ನಿಸಿದ್ದು ಆಗ ಹಲ್ಲು ಚುಳ್ಳೆನ್ನೋ ಹಾಗೆ ಬರತ್ತೆ. ಮೊದಲ ಸಲ ಮಾಡೋರು 3.4ಕ್ಕೆ ನಿಲ್ಲಿಸಿ, ನಿಮಗೆಷ್ಟು ಇಷ್ಟ ಅಂತ ಮುಂದಿನ ಸಲ ತೀರ್ಮಾನ ಮಾಡಬಹುದು.

ಪ್ರಶ್ನೆ: ಎರಡು ದಿನ 37 ಡಿಗ್ರಿ ಹಿಡಿದಿಡೋದು ಹೇಗೆ?

ಉತ್ತರ: ಪ್ಲಾಂಟಾರಮ್ ಆದ್ರೆ ಅಷ್ಟು ಕಟ್ಟುನಿಟ್ಟು ಬೇಡ, 30 ರಿಂದ 37ರ ಒಳಗೆ ಎಲ್ಲಿದ್ರೂ ಕೆಲಸ ಮಾಡತ್ತೆ. ಪಾತ್ರೆಗೆ ದಪ್ಪ ಕಂಬಳಿ ಸುತ್ತಿಟ್ರೂ 20 ಲೀಟರ್ ನೀರು ನಿಧಾನಕ್ಕೇ ತಣಿಯೋದು, ಸಂಜೆ ಬೆಳಿಗ್ಗೆ ಸಣ್ಣ ಉರೀಲಿ ಒಂದೆರಡು ನಿಮಿಷ ಬೆಚ್ಚಗೆ ಮಾಡಿದ್ರೆ ಆಯ್ತು. ಡೆಲ್‌ಬ್ರುಕಿ ಜಾತಿ ತಗೊಂಡಿದ್ರೆ ಮಾತ್ರ 40-45 ಡಿಗ್ರಿ ಕೇಳತ್ತೆ, ಅದಕ್ಕೆ ಹೀಟಿಂಗ್ ಬೆಲ್ಟೋ ಥರ್ಮೋಸ್ಟಾಟ್ ಇರೋ ಹೀಟರ್ರೋ ಬೇಕಾಗತ್ತೆ. ಪ್ಯಾಕೆಟ್ ಮೇಲೆ ಬರೆದಿರೋ ಉಷ್ಣಾಂಶಾನೇ ನಂಬಿ.

ಪ್ರಶ್ನೆ: ಒಂದ್ಸಲ ಲ್ಯಾಕ್ಟೋ ಮನೆಗೆ ತಂದ್ರೆ ಆಮೇಲೆ ಮಾಡೋ ಎಲ್ಲ ಬಿಯರೂ ಹುಳಿ ಆಗತ್ತೆ ಅಂತ ಹೆದರಿಸ್ತಿದಾರೆ.

ಉತ್ತರ: ಆಗಲ್ಲ ರೀ. ಕೆಟಲ್ ಸೌರ್‌ನ ಜಾಣತನಾನೇ ಅದು. ಹುಳಿ ಬರೋದು ಕುದಿಸೋ ಪಾತ್ರೇಲಿ, ಅಲ್ಲೇ ಮತ್ತೆ ಕುದಿ ಬರತ್ತೆ, 80 ಡಿಗ್ರಿ ದಾಟೋ ಹೊತ್ತಿಗೆ ಲ್ಯಾಕ್ಟೋ ಸತ್ತಿರತ್ತೆ. ಯೀಸ್ಟ್ ಕೆಲಸ ಮಾಡೋ ಪಾತ್ರೆಗೆ, ಅಂದ್ರೆ ಫರ್ಮೆಂಟರ್‌ಗೆ, ಹೋಗೋದು ಬರೀ ಹುಳಿ, ಹುಳಿ ಮಾಡೋರಲ್ಲ. ಎಚ್ಚರ ಬೇಕಿರೋದು ಎರಡನೇ ಕುದಿಗೆ ಮುಂಚೆ ವರ್ಟ್‌ನಲ್ಲಿ ಅದ್ದಿದ ಚಮಚ, ಥರ್ಮಾಮೀಟರ್, ಸ್ಯಾಂಪಲ್ ತೆಗೆದ ಪೈಪ್ ಇವುಗಳ ಬಗ್ಗೆ. ಅವನ್ನ ಪಕ್ಕಕ್ಕಿಟ್ಟು ಚೆನ್ನಾಗಿ ತೊಳೆದು ಸ್ಯಾನಿಟೈಸ್ ಮಾಡಿ, ಸಾಧ್ಯ ಇದ್ರೆ ಆ ಪೈಪ್ ಹುಳಿಗೇ ಅಂತ ಬೇರೆ ಇಟ್ಬಿಡಿ.

ಪ್ರಶ್ನೆ: ಹುಳಿ ಸೂಪರ್ ಆಗಿ ಬಂತು, ಪಿಎಚ್ 3.0. ಆದ್ರೆ ಯೀಸ್ಟ್ ಹಾಕಿ ಐದು ದಿನ ಆಯ್ತು, ಗುಳ್ಳೆ ಇಲ್ಲ, ಗ್ರಾವಿಟಿ 1.033ರಲ್ಲೇ ಇದೆ.

ಉತ್ತರ: 3.0 ಅಂದ್ರೆ ಯೀಸ್ಟ್‌ಗೆ ಬಹಳ ಕಷ್ಟ. ಬೇರೆ ಬಿಯರ್‌ನಲ್ಲಿ ಯೀಸ್ಟ್ ಕಾಲಿಡೋದು 5ರ ಮೇಲಿರೋ ವರ್ಟ್‌ಗೆ, ಪಿಎಚ್ ಅದೇ ನಿಧಾನಕ್ಕೆ ಇಳಿಸ್ಕೊಂಡು ಹೋಗತ್ತೆ. ಇಲ್ಲಿ ಮೊದಲ ನಿಮಿಷದಲ್ಲೇ ಆಸಿಡ್ ಸ್ನಾನ. ಒಣ ಪ್ಯಾಕೆಟ್‌ನ ಪುಡಿ ಸೀದಾ ಉದುರಿಸಿದ್ರಂತೂ ನೀರು ಕುಡಿದು ಎಚ್ಚರ ಆಗೋಕೆ ಮುಂಚೇನೇ ಬಹಳಷ್ಟು ಸಾಯತ್ತೆ.

ಈಗ ಮಾಡಬೇಕಾದ್ದು ಇಷ್ಟು: ಒಂದು ಲೀಟರ್ ಸಾದಾ, ಹುಳಿ ಇಲ್ಲದ ಎಕ್ಸ್‌ಟ್ರ್ಯಾಕ್ಟ್ ವರ್ಟ್ ಮಾಡಿ ಅದರಲ್ಲಿ ಹೊಸ ಯೀಸ್ಟ್ ಹಾಕಿ, ನೊರೆ ಏರಿ ಜೋರಾಗಿ ಕೆಲಸ ಮಾಡ್ತಿರೋವಾಗ ನಿಮ್ಮ ಹುಳಿ ವರ್ಟ್‌ನ ಒಂದೊಂದು ಲೋಟ ಅದಕ್ಕೆ ಸೇರಿಸ್ತಾ ಕೆಲವು ಗಂಟೆ ಒಗ್ಗಿಸಿ, ಆಮೇಲೆ ಎಲ್ಲಾನೂ ಫರ್ಮೆಂಟರ್‌ಗೆ ಸುರೀರಿ. ಫರ್ಮೆಂಟರ್ ಸ್ವಲ್ಪ ಬೆಚ್ಚಗಿನ ಜಾಗಕ್ಕೆ ಇಡಿ, 20-22 ಡಿಗ್ರಿ. ಮುಂದಿನ ಸಲ 3.3ಕ್ಕಿಂತ ಕೆಳಗೆ ಹೋಗೋಕೆ ಬಿಡದೇ ಕುದಿಸಿ, ಎರಡನೇ ಕುದೀಲಿ ಯೀಸ್ಟ್ ನ್ಯೂಟ್ರಿಯೆಂಟ್ ಹಾಕಿ, ಆರಿಸಿದ ಮೇಲೆ ಚೆನ್ನಾಗಿ ಅಲ್ಲಾಡಿಸಿ ಗಾಳಿ ಸೇರಿಸಿ, ಯುಎಸ್-05 ಥರದ ಗಟ್ಟಿ ಯೀಸ್ಟ್ 11.5 ಗ್ರಾಂ ಪ್ಯಾಕೆಟ್ ಎರಡು ನೀರಲ್ಲಿ ನೆನೆಸಿ ಹಾಕಿ. ಹುಳಿ ಹಂತದಲ್ಲಿ ಗಾಳಿ ಬೇಡ ಅಂದೆ, ಯೀಸ್ಟ್ ಹಂತದಲ್ಲಿ ಬೇಕು ಅಂತಿದೀನಿ, ಇದನ್ನ ಅದಲು ಬದಲು ಮಾಡ್ಕೋಬೇಡಿ.

ಪ್ರಶ್ನೆ: ಇಷ್ಟೆಲ್ಲ ಒದ್ದಾಟ ಯಾಕೆ, ಸಾದಾ ಬಿಯರ್ ಮಾಡಿ ಕೊನೇಲಿ ಲ್ಯಾಕ್ಟಿಕ್ ಆಸಿಡ್ ಸುರಿದ್ರೆ ಆಗಲ್ವಾ?

ಉತ್ತರ: ಹುಳಿ ಆಗತ್ತೆ, ರುಚಿ ಚಪ್ಪಟೆ ಇರತ್ತೆ. ಬ್ಯಾಕ್ಟೀರಿಯಾ ಆಸಿಡ್ ಜೊತೆ ಇನ್ನೂ ಹತ್ತಾರು ಸಣ್ಣಪುಟ್ಟ ಸುವಾಸನೆ ಬಿಟ್ಟು ಹೋಗತ್ತೆ, ಬಾಟಲ್ ಆಸಿಡ್‌ನಲ್ಲಿ ಅದಿಲ್ಲ. ಕೊನೇಲಿ ಒಂಚೂರು ಕಮ್ಮಿ ಅನ್ನಿಸಿದಾಗ ಸರಿ ಮಾಡ್ಕೊಳ್ಳೋಕೆ ಮಾತ್ರ ಬಳಸಿ. ಒದ್ದಾಟ ಬೇಡ ಅನ್ನೋರಿಗೆ ಇನ್ನೊಂದು ದಾರಿ ಫಿಲ್ಲಿ ಸೌರ್ ಅನ್ನೋ ಒಣ ಯೀಸ್ಟ್, ಅದು ಲಕಾನ್ಸಿಯಾ ಜಾತಿಯದ್ದು, ಆಲ್ಕೋಹಾಲ್ ಜೊತೆಗೆ ಲ್ಯಾಕ್ಟಿಕ್ ಆಸಿಡ್ಡೂ ತಾನೇ ಮಾಡತ್ತೆ, ಬ್ಯಾಕ್ಟೀರಿಯಾನೇ ಬೇಡ. ಕೆಲಸ ಮಾಡೋ ರೀತಿ ಚೆನ್ನಾಗಿದೆ, ಆದ್ರೆ ಹುಳಿ ಎಷ್ಟಕ್ಕೆ ನಿಲ್ಲಬೇಕು ಅನ್ನೋದು ನಿಮ್ಮ ಕೈಲಿ ಅಷ್ಟಾಗಿ ಇರಲ್ಲ, ನನಗೆ ಅದಕ್ಕೇ ಕೆಟಲ್ ಇಷ್ಟ.

ಪ್ರಶ್ನೆ: ಹಣ್ಣು, ಉಪ್ಪು ಇವೆಲ್ಲ ಯಾವಾಗ ಹಾಕೋದು?

ಉತ್ತರ: ಹಣ್ಣು ಕುದೀಲಿ ಬೇಡ, ಪೆಕ್ಟಿನ್ ಬಿಟ್ಕೊಂಡು ಮಬ್ಬಾಗತ್ತೆ, ಘಮಾನೂ ಆವಿ ಆಗತ್ತೆ. ಯೀಸ್ಟ್‌ನ ಮೊದಲ ಜೋರು ಇಳಿದ ಮೇಲೆ ಲೀಟರ್‌ಗೆ 100 ರಿಂದ 200 ಗ್ರಾಂ ಹಾಕಿ. ಹಣ್ಣನ್ನ ಫ್ರೀಜ್ ಮಾಡಿ ಕರಗಿಸಿದ್ರೆ ಒಳಗಿನ ಪದರ ಒಡೆದು ರಸ ಬೇಗ ಬಿಡತ್ತೆ. ಹಣ್ಣಿನ ಸಕ್ಕರೆಗೆ ಯೀಸ್ಟ್ ಮತ್ತೆ ಎದ್ದೇಳತ್ತೆ, ಫರ್ಮೆಂಟರ್‌ನಲ್ಲಿ ಮೇಲೆ ಜಾಗ ಬಿಟ್ಟಿರಿ. ರಾಸ್‌ಬೆರಿ, ಚೆರ್ರಿ ಥರ ಸ್ವಂತ ಹುಳಿ ಇರೋ ಹಣ್ಣು ಹಾಕೋದಿದ್ರೆ ಕೆಟಲ್‌ನಲ್ಲಿ 3.5ಕ್ಕೇ ನಿಲ್ಲಿಸಿ. ಬರ್ಲಿನರ್ ವೈಸ್ ಅನ್ನೋ ಜರ್ಮನ್ ಹುಳಿ ಬಿಯರ್‌ಗೆ ಬರ್ಲಿನ್‌ನಲ್ಲಿ ಹಣ್ಣಿನ ಸಿರಪ್ಪನ್ನ ಗ್ಲಾಸಿಗೇ ಹಾಕಿ ಕೊಡ್ತಾರೆ, ಆ ಥರಾನೂ ಮಾಡಬಹುದು, ಬ್ಯಾಚ್ ಪೂರ್ತಿ ಒಂದೇ ಹಣ್ಣಿಗೆ ಕಟ್ಟಿ ಹಾಕ್ಬೇಕಿಲ್ಲ.

ಉಪ್ಪು ಹಾಕೋದು ಗೋಸೆಗೆ. ಗೋಸ್ಲಾರ್ ಊರಲ್ಲಿ ಹುಟ್ಟಿ ಲೈಪ್‌ಜಿಗ್‌ನಲ್ಲಿ ಬೆಳೆದ ಬಿಯರ್ ಅದು, 1966ರಲ್ಲಿ ಮಾಡೋರೇ ಇಲ್ದೇ ನಿಂತು ಹೋಗಿತ್ತು, 1980ರ ದಶಕದಲ್ಲಿ ಮತ್ತೆ ಎದ್ದು ಬಂತು. ಇದೇ ರೆಸಿಪಿಗೆ ಎರಡನೇ ಕುದಿಯ ಕೊನೆ ಐದು ನಿಮಿಷ ಇರೋವಾಗ ಅಯೋಡಿನ್ ಇಲ್ಲದ ಉಪ್ಪು 12 ಗ್ರಾಂ, ಆಗ ತಾನೇ ಜಜ್ಜಿದ ಕೊತ್ತಂಬರಿ ಬೀಜ 20 ಗ್ರಾಂ ಹಾಕಿದ್ರೆ ಗೋಸೆ ಆಯ್ತು. ಉಪ್ಪು ಅಂತ ಬಾಯಿಗೆ ಗೊತ್ತಾಗಬಾರದು, ಹುಳಿ ದುಂಡಗಾಯ್ತು ಅನ್ನಿಸಬೇಕು. ಸಾಲದು ಅನ್ನಿಸಿದ್ರೆ ಬಾಟಲ್ ಮಾಡೋ ದಿನ ಉಪ್ಪುನೀರು ಕಾಯಿಸಿ ಆರಿಸಿ ಸೇರಿಸಬಹುದು, ಹಾಕಿದ್ದನ್ನ ತೆಗೆಯೋಕಂತೂ ಆಗಲ್ಲ.

ಪ್ರಶ್ನೆ: ಬಾಟಲ್ ಮಾಡಿ ತಿಂಗಳಾಯ್ತು, ಗ್ಯಾಸೇ ಇಲ್ಲ. ಲೀಟರ್‌ಗೆ 7 ಗ್ರಾಂ ಸಕ್ಕರೆ ಸರಿಯಾಗೇ ಹಾಕಿದ್ದೆ.

ಉತ್ತರ: ಸಕ್ಕರೆ ಲೆಕ್ಕ ಸರಿ ಇದೆ, ಯೀಸ್ಟ್ ಸುಸ್ತಾಗಿದೆ. ಆ ಹುಳೀಲಿ ಒಂದ್ಸಲ ಪೂರ್ತಿ ಕೆಲಸ ಮಾಡಿದ ಯೀಸ್ಟ್‌ಗೆ ಬಾಟಲ್ ಒಳಗೆ ಮತ್ತೆ ಏಳೋ ಶಕ್ತಿ ಉಳಿದಿರಲ್ಲ. ಮೊದಲು ಬಾಟಲ್‌ಗಳನ್ನ 20-22 ಡಿಗ್ರಿ ಇರೋ ಜಾಗಕ್ಕೆ ತಂದು, ಒಂದೊಂದನ್ನೇ ನಿಧಾನಕ್ಕೆ ತಲೆಕೆಳಗೆ ಮಾಡಿ ತಳದ ಗಸಿ ಎಬ್ಬಿಸಿ ಎರಡು ವಾರ ನೋಡಿ. ಆಗಲೂ ಇಲ್ಲ ಅಂದ್ರೆ ಮುಚ್ಚಳ ತೆಗೆದು, ನೀರಲ್ಲಿ ನೆನೆಸಿದ ಹೊಸ ಯೀಸ್ಟ್‌ನ ಕೆಲವು ಹನಿ ಹಾಕಿ ತಕ್ಷಣ ಮುಚ್ಚಿ. ಶಾಂಪೇನ್ ಯೀಸ್ಟ್ ಆದ್ರೆ ಇನ್ನೂ ಒಳ್ಳೇದು, ಹುಳಿಗೆ ಅದು ಜಗ್ಗಲ್ಲ. ಮತ್ತೆ ಸಕ್ಕರೆ ಹಾಕೋಕೆ ಮಾತ್ರ ಹೋಗ್ಬೇಡಿ, ಮೊದಲು ಹಾಕಿದ್ದು ಬಾಟಲ್ ಒಳಗೇ ಇದೆ, ಎರಡೂ ಸೇರಿ ಕೆಲಸ ಶುರು ಮಾಡಿದ್ರೆ ಗಾಜು ತಡ್ಕೊಳ್ಳಲ್ಲ.

ಮುಂದಿನ ಬ್ಯಾಚ್‌ಗೆ ಬಾಟಲ್ ಮಾಡೋ ದಿನವೇ ಹೊಸ ಯೀಸ್ಟ್ ಎರಡು ಗ್ರಾಂ ನೆನೆಸಿ ಸಕ್ಕರೆ ಪಾಕದ ಜೊತೆ ಕಲಸಿಬಿಡಿ. ಅದಕ್ಕೂ ಮುಂಚೆ ಗ್ರಾವಿಟಿ ಮೂರು ದಿನ ಒಂದೇ ಕಡೆ ನಿಂತಿದೆಯಾ ಅಂತ ನೋಡ್ಕೊಳ್ಳಿ, ದಪ್ಪ ಗಾಜಿನ ಬಾಟಲ್ ತಗೊಳ್ಳಿ. ಮೂರು ವಾರ ಬಿಟ್ಟು ಒಂದನ್ನ ಫ್ರಿಜ್‌ನಲ್ಲಿ ರಾತ್ರಿ ಪೂರ್ತಿ ಇಟ್ಟು ತೆಗೀರಿ, ತಳದ ಗಸಿ ಕದಡದ ಹಾಗೆ ಬಗ್ಗಿಸಿದ್ರೆ ತಿಳಿ ಹುಲ್ಲಿನ ಬಣ್ಣದ ಬಿಯರ್, ಮೇಲೆ ಬೆಳ್ಳನೆ ನೊರೆ.